ನೀರಿದ್ದೂ ಒಣಗಿದ ಕಣ್ಣು

ಕೆಳರೆಪ್ಪೆಯ ಒಳಗೆ ಸಣ್ಣ ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ, ‘ಕಣ್ಣು ಮುಚ್ಕೊಂಡು ಐದು ನಿಮಿಷ ಕೂತ್ಕೊಳ್ಳಿ ಸರ್’ ಎಂದಳು ಆಪ್ಟೊಮೆಟ್ರಿಯ ಹುಡುಗಿ. ಬಸ್ ಟಿಕೆಟ್ಟನ್ನು ಉದ್ದಕ್ಕೆ ಸೀಳಿದಂಥ ಪಟ್ಟಿ. ಓಟೊ ಶಿರ್ಮರ್ ಎಂಬ ಜರ್ಮನ್ ನೇತ್ರವೈದ್ಯ 1903ರಲ್ಲಿ ಹೇಳಿಕೊಟ್ಟ ಪರೀಕ್ಷೆ ಇದು. ನೂರಿಪ್ಪತ್ತು ವರ್ಷ ದಾಟಿದರೂ ಊರೂರಿನ ಕಣ್ಣಾಸ್ಪತ್ರೆಗಳಲ್ಲಿ ಇನ್ನೂ ನಡೆದಿದೆ. ಐದು ನಿಮಿಷದಲ್ಲಿ ಕಾಗದ 5 ಮಿ.ಮೀ.ಗಿಂತ ಕಡಿಮೆ ನೆನೆದರೆ ನೀರಿನ ಕೊರತೆ ಎಂದು ಲೆಕ್ಕ. ನನ್ನದು 19 ನೆನೆದಿತ್ತು. ಸದ್ಯ, ಒಣಕಣ್ಣಲ್ಲ ಎಂದುಕೊಂಡು ಏಳುವಷ್ಟರಲ್ಲಿ ಡಾಕ್ಟರು ರೆಪ್ಪೆಯ ಅಂಚನ್ನು ಹತ್ತಿಕಡ್ಡಿಯಿಂದ ಒತ್ತಿ ನೋಡಿ, ‘ನೀರಿದೆ, ಎಣ್ಣೆ ಇಲ್ಲ’ ಎಂದರು. ಹೊರಗೆ ಬಂದರೆ ಕೌನ್ಸೆಲರ್ ಕೈಯಲ್ಲಿ ಲ್ಯಾಮಿನೇಟ್ ಮಾಡಿದ ಹಾಳೆ. ಬೆಳಕಿನ ಚಿಕಿತ್ಸೆ, ನಾಲ್ಕು ಸಿಟ್ಟಿಂಗಿನ ಪ್ಯಾಕೇಜು, ಈ ತಿಂಗಳು ಮಾತ್ರ ರಿಯಾಯಿತಿ. ಹೇಳಿದ ದರಕ್ಕೆ ಮನೆಗೊಂದು ಒಳ್ಳೆಯ ಫ್ರಿಜ್ ಬರುತ್ತಿತ್ತು.

ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಆ ಯೋಚನೆ ಎಷ್ಟು ಉದ್ದ ಹೋಯಿತೆಂದರೆ ರಿಯಾಯಿತಿಯ ತಿಂಗಳು ಮುಗಿದು ಮತ್ತೊಂದು ರಿಯಾಯಿತಿಯ ತಿಂಗಳು ಬಂತು.

ನೀರಿದ್ದೂ ಕಣ್ಣು ಒಣಗುವುದು ಹೇಗೆ? ಕಣ್ಣಿನ ಮೇಲಿರುವ ನೀರಿನ ಪೊರೆ ತೀರ ತೆಳು, ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಮೂರು ಭಾಗದಷ್ಟು ದಪ್ಪ. ಒಂದು ಕಣ್ಣಿನಲ್ಲಿ ಸಾಮಾನ್ಯವಾಗಿ ನಿಂತಿರುವ ನೀರೆಲ್ಲ ಸೇರಿದರೂ ಸುಮಾರು 7 ಮೈಕ್ರೊಲೀಟರ್. ಬಾಟಲಿಯಿಂದ ಬೀಳುವ ಒಂದು ಹನಿ ಔಷಧವೇ ಅದರ ನಾಲ್ಕೈದು ಪಟ್ಟು. ನಾವು ಹಾಕಿಕೊಂಡ ಡ್ರಾಪ್ಸಿನ ಬಹುಪಾಲು ಕೆನ್ನೆಗೂ ಮೂಗಿಗೂ ಹೋಗುವುದು ಅದಕ್ಕೇ. ಈ ತೆಳುಪೊರೆ ಆವಿಯಾಗಿ ಹೋಗದಂತೆ ಮೇಲೊಂದು ಎಣ್ಣೆಪಸೆ ಹರಡಿಕೊಂಡಿರುತ್ತದೆ. ಒಗ್ಗರಣೆಯ ಎಣ್ಣೆ ತೇಲುವ ಸಾರು ಬೇಗ ಆರುವುದಿಲ್ಲವಲ್ಲ, ಹಾಗೆ. ಆ ಎಣ್ಣೆ ಬರುವುದು ರೆಪ್ಪೆಗಳ ಒಳಗೆ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ನಿಂತ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30. 1666ರಲ್ಲಿ ಇವನ್ನು ವಿವರಿಸಿದ ಜರ್ಮನಿಯ ಹೈನ್ರಿಶ್ ಮೈಬೋಮ್ ಹೆಸರೇ ಇವಕ್ಕೆ ನಿಂತಿದೆ: ಮೈಬೋಮಿಯನ್ ಗ್ರಂಥಿಗಳು. ರೆಪ್ಪೆ ಪೂರ್ತಿ ಮುಚ್ಚಿ ತೆರೆದಾಗಲೆಲ್ಲ ಇವುಗಳ ಬಾಯಿಯಿಂದ ಚೂರುಚೂರು ಎಣ್ಣೆ ಒಸರಿ ಕಣ್ಣಿಗೆ ಬಳಿದುಕೊಳ್ಳುತ್ತದೆ.

ಎಣ್ಣೆ ತಿಳಿಯಾಗಿರುವ ತನಕ ಸರಿ, ಅದು ಬೇಸಿಗೆಯ ತುಪ್ಪ. ಕೆಲವರಲ್ಲಿ ಅದು ಮಾಗಿಯ ಚಳಿಗೆ ಗಿಂಡಿಯಲ್ಲೇ ಹೆಪ್ಪುಗಟ್ಟಿದ ತುಪ್ಪವಾಗಿಬಿಡುತ್ತದೆ, ಬಾಯಿ ಕಟ್ಟಿಕೊಳ್ಳುತ್ತದೆ. ಡಾಕ್ಟರು ಒತ್ತಿದಾಗ ನನ್ನ ರೆಪ್ಪೆಯಿಂದ ಬಂದದ್ದು ಎಣ್ಣೆಯ ಹನಿಯಲ್ಲ, ಟೂತ್‌ಪೇಸ್ಟಿನಂಥ ಬಿಳಿಯ ಎಳೆ. ಎಣ್ಣೆಯ ಹೊದಿಕೆ ಇಲ್ಲದ ನೀರು ಆವಿಯಾಗುತ್ತದೆ, ಕಣ್ಣು ಉರಿಯುತ್ತದೆ, ಉರಿಯಿತೆಂದು ಇನ್ನಷ್ಟು ನೀರು ಸುರಿಯುತ್ತದೆ, ಅದೂ ನಿಲ್ಲುವುದಿಲ್ಲ. ಸ್ಕೂಟರಿನಲ್ಲಿ ಹೊರಟರೆ ಸಿಗ್ನಲ್ಲಿನಲ್ಲಿ ಪಕ್ಕದವರು ‘ಏನಾಯ್ತು ಸಾರ್’ ಎನ್ನುವಷ್ಟು ಕಣ್ಣೀರು, ಆಫೀಸಿಗೆ ಬಂದು ಕೂತರೆ ಮರಳು ಬಿದ್ದಂಥ ಒಣಗು. ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತ, ರೆಪ್ಪೆ ಮಿಟುಕಿಸದೆ ಎಷ್ಟು ಸೆಕೆಂಡಿಗೆ ಆ ಪೊರೆ ಹರಿಯುತ್ತದೆ ಎಂದು ಎಣಿಸುವ ಇನ್ನೊಂದು ಪರೀಕ್ಷೆಯಿದೆ. ಹತ್ತು ಸೆಕೆಂಡಿಗಿಂತ ಮೊದಲೇ ಹರಿದರೆ ಪೊರೆ ಭದ್ರವಿಲ್ಲ ಎಂದರ್ಥ. ನನ್ನದು ನಾಲ್ಕಕ್ಕೆ ಹರಿಯಿತು.

ಮೈಬೋಮಿಯನ್ ಗ್ರಂಥಿಗಳ ಈ ತೊಂದರೆಯೇ ಜಗತ್ತಿನಾದ್ಯಂತ ಒಣಕಣ್ಣಿಗೆ ಎಲ್ಲಕ್ಕಿಂತ ದೊಡ್ಡ ಕಾರಣವಿದ್ದೀತು ಎಂದು 2011ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಹೇಳಿತು. ಅದೇ ವರ್ಷ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮೊದಲ ದೊಡ್ಡ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಆಮೇಲೆ ಬಂದ ಯಂತ್ರಗಳಲ್ಲಿ ಹೆಚ್ಚಿನವೆಲ್ಲ ಈ ಗ್ರಂಥಿಗಳಿಗಾಗಿ ಹುಟ್ಟಿದವು. ‘ಒಣಕಣ್ಣಿಗೆ ಹೊಸ ಚಿಕಿತ್ಸೆ’ ಎಂದು ಗೋಡೆಯ ಮೇಲೆ ಬರೆದಿರುವುದನ್ನು ‘ಕಟ್ಟಿಕೊಂಡ ಎಣ್ಣೆಗ್ರಂಥಿಗೆ ಹೊಸ ಚಿಕಿತ್ಸೆ’ ಎಂದು ಓದಿಕೊಳ್ಳಬೇಕು. ಅಷ್ಟು ಓದಿಕೊಂಡರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ನನ್ನ ಅಕ್ಕನ ಮಾತು ತೆಗೆದುಕೊಳ್ಳಿ. ಅವಳಿರುವುದು ಹುಬ್ಬಳ್ಳಿಯಲ್ಲಿ. ನನಗೆ ಹೇಳಿದ ಬೆಳಕಿನ ಚಿಕಿತ್ಸೆಯ ಸುದ್ದಿ ಕೇಳಿ, ‘ಆ ಲೈಟ್ ನನಗೂ ಹೊಡಸಬಹುದೇನೋ ತಮ್ಮಾ?’ ಎಂದಳು. ಅವಳ ಕಣ್ಣೂ ಉರಿಯುತ್ತದೆ, ಅವಳಿಗೂ ಮರಳು ಬಿದ್ದ ಹಾಗೆ. ಆದರೆ ಅವಳ ಕಾಗದದ ಪಟ್ಟಿ ನೆನೆದದ್ದು ಎರಡೇ ಮಿ.ಮೀ. ಜೋಳದ ರೊಟ್ಟಿಯ ಒಂದೊಂದು ತುತ್ತಿಗೂ ಅವಳಿಗೆ ನೀರು ಬೇಕು, ಇಲ್ಲದಿದ್ದರೆ ಗಂಟಲಿಗೆ ಇಳಿಯದು. ಬೆರಳಿನ ಕೀಲು ಬೆಳಿಗ್ಗೆ ಹೊತ್ತು ಬಿಗಿ. ಇದನ್ನು ಸ್ವೀಡನ್ನಿನ ಹೆನ್ರಿಕ್ ಷೋಗ್ರೆನ್ 1933ರ ತನ್ನ ಪ್ರಬಂಧದಲ್ಲಿ ವಿವರಿಸಿದ; ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರು, ಎಂಜಲಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಕಾಯಿಲೆ. ಹೆಂಗಸರಲ್ಲೇ ಬಹಳ ಹೆಚ್ಚು. ಇಲ್ಲಿ ಕೊರತೆ ನೀರಿನದು. ಇಂಥವರಲ್ಲೂ ಎಣ್ಣೆಗ್ರಂಥಿ ಕೆಟ್ಟಿರುವುದುಂಟು, ಆದರೆ ಅದನ್ನಷ್ಟೇ ಸರಿಮಾಡಿದರೆ ಬಾವಿಯಲ್ಲಿ ನೀರಿಲ್ಲದಿರುವಾಗ ಕೊಡಕ್ಕೆ ಮುಚ್ಚಳ ಹುಡುಕಿದ ಹಾಗಾಗುತ್ತದೆ. ಅಕ್ಕನಿಗೆ ಬೇಕಿದ್ದದ್ದು ರುಮಟಾಲಜಿ ಡಾಕ್ಟರು, ಉರಿಯೂತ ತಗ್ಗಿಸುವ ಸೈಕ್ಲೊಸ್ಪೊರಿನ್ ಡ್ರಾಪ್ಸು, ಆಮೇಲೆ ಕಣ್ಣೀರು ಮೂಗಿಗೆ ಇಳಿಯುವ ಸಣ್ಣ ತೂತಿಗೊಂದು ಬಿರಟೆ.

ಬಿರಟೆಯ ವಿಷಯ ಇಲ್ಲೇ ಮುಗಿಸುತ್ತೇನೆ. ಅತ್ತಾಗ ಮೂಗು ಸೋರುವುದು ಯಾಕೆಂದರೆ ರೆಪ್ಪೆಯ ಒಳಮೂಲೆಯಲ್ಲಿ ಗುಂಡುಸೂಜಿಯ ಮೊನೆಯಷ್ಟು ತೂತಿದ್ದು ಕಣ್ಣೀರು ಅಲ್ಲಿಂದ ಮೂಗಿಗಿಳಿಯುತ್ತದೆ. ಅದಕ್ಕೆ ಸಿಲಿಕೋನಿನ ಸಣ್ಣ ಬಿರಟೆ ಹಾಕುವುದು 1975ರಿಂದ ಇರುವ ಉಪಾಯ. ಅಗ್ಗ, ಐದು ನಿಮಿಷದ ಕೆಲಸ, ಬೇಡವಾದರೆ ತೆಗೆಯಬಹುದು, ಕೆಲವೊಮ್ಮೆ ತಾನೇ ಬಿದ್ದುಹೋಗುತ್ತದೆ. ಕಣ್ಣಿನ ಮೇಲೆ ಉರಿಯೂತ ಇರುವಾಗಲೇ ಹಾಕಿದರೆ ಕೆಟ್ಟ ನೀರನ್ನೇ ಕಟ್ಟೆ ಕಟ್ಟಿ ನಿಲ್ಲಿಸಿದಂತಾಗುತ್ತದೆಂದು ಮೊದಲು ಉರಿ ತಗ್ಗಿಸುತ್ತಾರೆ. ಅಕ್ಕನಿಗೆ ಇದು ಹೊಂದಿತು.

ಎಣ್ಣೆಯೂ ಅಲ್ಲದ, ಷೋಗ್ರೆನ್ನೂ ಅಲ್ಲದ ಕಾರಣಗಳ ಸಾಲೇ ಇದೆ. ಗ್ಲಾಕೋಮಾಕ್ಕೆ ವರ್ಷಗಟ್ಟಲೆ ಹಾಕುವ ಡ್ರಾಪ್ಸಿನಲ್ಲಿರುವ ಬೆಂಜಾಲ್ಕೋನಿಯಂ ಎಂಬ ಸಂರಕ್ಷಕವೇ ಕಣ್ಣಿನ ಮೇಲ್ಮೈಯನ್ನು ಕೆಡಿಸುತ್ತದೆ. ನೆಗಡಿ, ಅಲರ್ಜಿಯ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ಇವೆಲ್ಲ ಒಣಗಿಸುವವೇ. ಥೈರಾಯ್ಡಿನಿಂದ ಕಣ್ಣು ಮುಂದೆ ಬಂದವರಿಗೆ, ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚದವರಿಗೆ ರಾತ್ರಿಯಿಡೀ ಕಣ್ಣು ಗಾಳಿಗೆ ತೆರೆದಿರುತ್ತದೆ. ಬೆಳಿಗ್ಗೆ ಎದ್ದ ತಕ್ಷಣವೇ ಉರಿ ಜೋರಿದ್ದರೆ ಇದನ್ನು ಗುಮಾನಿ ಮಾಡಬೇಕು. ತುರಿಕೆಯೇ ಮುಖ್ಯವಾಗಿದ್ದರೆ ಅದು ಬಹುತೇಕ ಅಲರ್ಜಿ. ಲೇಸಿಕ್ ಮಾಡಿಸಿಕೊಂಡವರಲ್ಲಿ, ಇನ್ನೂ ಕೆಲವರಲ್ಲಿ, ಕಣ್ಣು ನೋಡಿದರೆ ಏನೂ ಇಲ್ಲ, ನೋವು ಮಾತ್ರ ವಿಪರೀತ. ಅಂಥವರಿಗೆ ಮರಗಟ್ಟಿಸುವ ಹನಿ ಹಾಕಿ ನೋಡುತ್ತಾರೆ. ಹನಿ ಬಿದ್ದ ಮೇಲೂ ನೋವು ಹಾಗೇ ಉಳಿದರೆ ತೊಂದರೆ ಕಣ್ಣಿನ ಮೇಲ್ಮೈಯಲ್ಲಿಲ್ಲ, ನರಗಳ ಒಳದಾರಿಯಲ್ಲಿದೆ. ರೆಪ್ಪೆಗೆ ಶಾಖ ಕೊಡುವ ಯಾವ ಯಂತ್ರವೂ ಆ ದಾರಿಗೆ ಹೋಗದು.

ಈಗ ಯಂತ್ರಗಳಿಗೆ ಬರೋಣ. ಮೊದಲನೆಯದು ಲಿಪಿಫ್ಲೋ. ಅಮೆರಿಕದ ಬಾಸ್ಟನ್ನಿನ ಡೊನಾಲ್ಡ್ ಕಾರ್ಬ್ ಎಂಬ ಆಪ್ಟೊಮೆಟ್ರಿಸ್ಟ್ ಇದರ ಹಿಂದಿನವರು. ಮೈಬೋಮಿಯನ್ ಗ್ರಂಥಿಗಳ ತೊಂದರೆಗೆ ಇಂದು ಬಳಸುವ ಹೆಸರು ಚಲಾವಣೆಗೆ ಬಂದದ್ದು 1980ರಲ್ಲಿ ಅವರು ಸಹಲೇಖಕರೊಂದಿಗೆ ಬರೆದ ಪ್ರಬಂಧದಿಂದ; ಯಂತ್ರ ಮಾಡಿದ ಕಂಪನಿಯ ಸ್ಥಾಪಕರಲ್ಲೂ ಅವರೊಬ್ಬರು. ಕಾಯಿಲೆಗೆ ಹೆಸರಿಟ್ಟವರೇ ಮದ್ದಿನ ಅಂಗಡಿ ತೆರೆದಂತೆ ಎಂದು ಹುಬ್ಬೇರಿಸುವವರು ಏರಿಸಲಿ. ನನಗೆ ಕಾಣುವುದೇನೆಂದರೆ, ಮೂವತ್ತು ವರ್ಷ ಯಾರೂ ಲಕ್ಷ್ಯ ಕೊಡದ ರೆಪ್ಪೆಯ ಅಂಚನ್ನು ಒಬ್ಬ ಮನುಷ್ಯ ಬಿಡದೆ ನೋಡುತ್ತ ಕೂತ. ಯಂತ್ರದ ಕೆಲಸ ಸರಳ. ಕಣ್ಣು ಮರಗಟ್ಟಿಸಿ, ಬಟ್ಟಲಿನಂಥ ಒಂದು ಭಾಗವನ್ನು ರೆಪ್ಪೆಯ ಒಳಗೆ, ಇನ್ನೊಂದನ್ನು ಹೊರಗೆ ಕೂರಿಸುತ್ತಾರೆ. ಒಳಗಿನದು 42.5 ಡಿಗ್ರಿ ತನಕ ಶಾಖ ಕೊಡುತ್ತದೆ, ಹೊರಗಿನದು ಅಲೆಯಲೆಯಾಗಿ ಒತ್ತುತ್ತದೆ. ಒಟ್ಟು 12 ನಿಮಿಷ. ತುಪ್ಪ ಕರಗಿಸಿ ಗಿಂಡಿ ಬಗ್ಗಿಸಿದ ಹಾಗೆ. ಒಬ್ಬರಿಗೆ ಬಳಸಿದ ಬಟ್ಟಲು ಇನ್ನೊಬ್ಬರಿಗೆ ಬರುವುದಿಲ್ಲ, ಬಿಸಾಡಬೇಕು. ದರ ಏರುವುದಕ್ಕೆ ಅದೂ ಒಂದು ಕಾರಣ. ಆಮೇಲೆ ಬಂದ ಐಲಕ್ಸ್, ಟಿಯರ್‌ಕೇರ್ ಎಂಬವೂ ಇದೇ ಜಾತಿ. ಶಾಖ ಕೊಡುವ ಬಗೆ ಬೇರೆ, ಒತ್ತುವ ಕೈ ಬೇರೆ.

ಕೇಳಿದ ತಕ್ಷಣ ಮನಸ್ಸಿಗೆ ಬರುವ ಪ್ರಶ್ನೆ: ಬಿಸಿಬಟ್ಟೆ ಇಟ್ಟು ಬೆರಳಲ್ಲಿ ಒತ್ತಿಕೊಂಡರೆ ಆಗದೆ? ನನಗೂ ಬಂತು, ಸಂಶೋಧಕರಿಗೂ ಬಂದಿತ್ತು. ಲಿಪಿಫ್ಲೋವನ್ನು ಬೇರೆ ಚಿಕಿತ್ಸೆಗಳ ಜೊತೆ ತೂಗಿದ 13 ಪ್ರಯೋಗಗಳನ್ನು 2024ರಲ್ಲಿ ಕಾಕ್ರೇನ್ ಸಂಸ್ಥೆ ಒಟ್ಟಿಗಿಟ್ಟು ನೋಡಿತು. ಔಷಧ ಕಂಪನಿಗಳ ಹಂಗಿಲ್ಲದೆ ಸಾಕ್ಷ್ಯ ಜರಡಿ ಹಿಡಿಯುವುದಕ್ಕೆ ಹೆಸರಾದ ಸಂಸ್ಥೆ ಅದು. ಅದರ ತೀರ್ಮಾನ: ಉಳಿದ ರೂಢಿಯ ಚಿಕಿತ್ಸೆಗಳಿಗೂ ಇದಕ್ಕೂ ಎದ್ದು ಕಾಣುವ ಅಂತರ ಸಿಗಲಿಲ್ಲ, ಪ್ರಯೋಗಗಳನ್ನು ನಡೆಸಿದ ರೀತಿಯಲ್ಲೇ ಪಕ್ಷಪಾತಕ್ಕೆ ಎಡೆಯಿದ್ದದ್ದರಿಂದ ಸಾಕ್ಷ್ಯದ ಮೇಲೆ ಹೆಚ್ಚು ಭಾರ ಹಾಕುವಂತಿಲ್ಲ. ಇದರರ್ಥ ಯಂತ್ರ ಕೆಲಸ ಮಾಡುವುದಿಲ್ಲ ಎಂದಲ್ಲ. ಯಂತ್ರವೂ ಕೆಲಸ ಮಾಡುತ್ತದೆ, ಬಟ್ಟೆಯೂ ಮಾಡುತ್ತದೆ, ಯಾವುದು ಎಷ್ಟು ಹೆಚ್ಚು ಎಂದು ಗಟ್ಟಿಯಾಗಿ ಹೇಳುವ ಲೆಕ್ಕ ಸಿಕ್ಕಿಲ್ಲ.

ಬಟ್ಟೆಯ ಪರವಾಗಿ ಮಾತಾಡುವವರು ಒಂದು ವಿಷಯ ಮುಚ್ಚಿಡುತ್ತಾರೆ. ಬಟ್ಟೆಯನ್ನು ನಾವು ಯಾರೂ ಸರಿಯಾಗಿ ಇಡುವುದಿಲ್ಲ. ‘ದಿನಾ ಬಿಸಿನೀರಿನ ಶಾಖ ಕೊಡ್ತಿದೀನಿ ಡಾಕ್ಟ್ರೇ, ಏನೂ ಆಗ್ಲಿಲ್ಲ’ ಎನ್ನುವ ನಾನು ಅಡುಗೆಮನೆಯ ಥರ್ಮಾಮೀಟರ್ ಇಟ್ಟು ನೋಡಿದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಕರವಸ್ತ್ರ ಎರಡು ನಿಮಿಷಕ್ಕೆ ಉಗುರುಬೆಚ್ಚಗೂ ಉಳಿಯಲಿಲ್ಲ. ಹೆಪ್ಪುಗಟ್ಟಿದ ಎಣ್ಣೆ ಕರಗಬೇಕಾದರೆ ರೆಪ್ಪೆಗೆ 40 ಡಿಗ್ರಿಯಷ್ಟು ಶಾಖ ಐದಾರು ನಿಮಿಷವಾದರೂ, ಸಾಧ್ಯವಾದರೆ ಹತ್ತು ನಿಮಿಷ, ಬಿಡದೆ ತಾಗಬೇಕು. ಅಂದರೆ ಎರಡೆರಡು ನಿಮಿಷಕ್ಕೆ ಬಟ್ಟೆ ಬದಲಿಸುತ್ತಿರಬೇಕು, ಇಲ್ಲವೇ ಬಿಸಿ ಹಿಡಿದಿಡುವ ಮಾಸ್ಕು ಬೇಕು. ಮುಂಗೈಗೆ ಇಟ್ಟು ನೋಡಿ ಚುರುಕ್ಕೆನ್ನದಷ್ಟೇ ಬಿಸಿ. ರೆಪ್ಪೆಯ ಚರ್ಮ ಮೈಯಲ್ಲೇ ತೆಳು, ಸುಟ್ಟುಕೊಂಡವರಿದ್ದಾರೆ. ಶಾಖವಾದ ಕೂಡಲೆ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ, ಎವೆಗೂದಲಿನ ಕಡೆಗೆ ಮೆತ್ತಗೆ ನೇವರಿಸಬೇಕು; ಗುಡ್ಡೆಯ ಮೇಲೆ ಉಜ್ಜಬಾರದು. ಹೆಂಗಸರು ರೆಪ್ಪೆಯ ಒಳಅಂಚಿಗೆ ಎಳೆದುಕೊಳ್ಳುವ ಕಾಡಿಗೆ ಸರಿಯಾಗಿ ಆ ಗ್ರಂಥಿಗಳ ಬಾಯಿಯ ಮೇಲೇ ಕೂರುತ್ತದೆ. ರಾತ್ರಿ ಅದನ್ನು ತೆಗೆಯದೆ ಮಲಗಿ ಬೆಳಿಗ್ಗೆ ಯಂತ್ರಕ್ಕೆ ದುಡ್ಡು ಕಟ್ಟಿ ಏನು ಬಂತು? ಇಷ್ಟನ್ನೂ ದಿನಕ್ಕೆರಡು ಸಲ ಆರೆಂಟು ವಾರ ನಡೆಸುವವರು ಎಷ್ಟು ಜನ? ಅಷ್ಟು ತಾಳ್ಮೆ, ಬಿಡುವು ಇಲ್ಲದವರಿಗೆ, ಕೈ ನಡುಗುವ ಹಿರಿಯರಿಗೆ 12 ನಿಮಿಷದ ಯಂತ್ರ ನಿಜಕ್ಕೂ ಉಪಕಾರವೇ. ವರ್ಷದ ಹೊತ್ತಿಗೆ ಮತ್ತೊಮ್ಮೆ ಮಾಡಿಸಬೇಕಾಗಬಹುದು ಎಂಬುದನ್ನು ಮಾತ್ರ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಎಣ್ಣೆಯ ಮಾತೆತ್ತಿದರೆ ಅಜ್ಜಿಯರ ಹರಳೆಣ್ಣೆ ನೆನಪಾಗದೆ ಇರುವುದಿಲ್ಲ. ಸೈಕ್ಲೊಸ್ಪೊರಿನ್ ಡ್ರಾಪ್ಸಿನ ಒಂದು ಪ್ರಸಿದ್ಧ ತಯಾರಿಕೆಯಲ್ಲಿ ಔಷಧವನ್ನು ಹೊರುವುದು ಹರಳೆಣ್ಣೆಯೇ. ಹಾಗೆಂದು ಗಾಣದಿಂದ ತಂದದ್ದನ್ನು ಕಣ್ಣಿಗೆ ಬಿಟ್ಟುಕೊಳ್ಳಬಾರದು. ಕಣ್ಣಿಗೆ ಹಾಕುವುದೆಲ್ಲ ಕ್ರಿಮಿರಹಿತವಾಗಿರಬೇಕು.

ನನಗೆ ಹೇಳಿದ್ದು ಶಾಖದ ಯಂತ್ರವಲ್ಲ, ಐಪಿಎಲ್. ಕ್ರಿಕೆಟ್ಟಿನದಲ್ಲ, ಇಂಟೆನ್ಸ್ ಪಲ್ಸ್‌ಡ್ ಲೈಟ್. ಇದರ ಕತೆ ಇನ್ನೂ ಸ್ವಾರಸ್ಯ. ಇದು ಮೂಲತಃ ಚರ್ಮದ ಡಾಕ್ಟರುಗಳ ಯಂತ್ರ, ಬೇಡದ ಕೂದಲು ತೆಗೆಯಲು, ಮುಖದ ಕೆಂಪು ಇಳಿಸಲು. ಅಮೆರಿಕದ ಟೆನೆಸ್ಸಿಯ ನೇತ್ರವೈದ್ಯ ರೊಲಾಂಡೊ ಟೊಯೊಸ್ 2000ದ ಆರಂಭದ ವರ್ಷಗಳಲ್ಲಿ ಒಂದು ಸಂಗತಿ ಗಮನಿಸಿದರು: ರೊಸೇಶಿಯಾ ಎಂಬ, ಕೆನ್ನೆ ಕೆಂಪೇರುವ ಚರ್ಮರೋಗಕ್ಕೆ ಈ ಬೆಳಕು ಹಾಯಿಸಿಕೊಂಡವರ ಕಣ್ಣಿನ ಒಣಗೂ ಕಡಿಮೆಯಾಗುತ್ತಿತ್ತು. ಅಲ್ಲಿಂದ ಶುರುವಾದದ್ದು 2021ರಲ್ಲಿ ಒಣಕಣ್ಣಿಗೆಂದೇ ಎಫ್‌ಡಿಎ ಒಪ್ಪಿಗೆ ಪಡೆಯಿತು. ಕಣ್ಣಿಗೆ ಬೆಳಕು ಬೀಳದಂತೆ ಮುಚ್ಚಿ, ಕೆನ್ನೆಗೆ ಜೆಲ್ ಬಳಿದು, ಒಂದು ಕಿವಿಯ ಬಳಿಯಿಂದ ಮೂಗಿನ ಮೇಲೆ ಹಾದು ಇನ್ನೊಂದು ಕಿವಿಯ ತನಕ ಫಳಕ್ ಫಳಕ್ ಎಂದು ಬೆಳಕು ಹೊಡೆಯುತ್ತಾರೆ. ಕೊನೆಗೆ ರೆಪ್ಪೆ ಒತ್ತಿ ಎಣ್ಣೆ ತೆಗೆಯುತ್ತಾರೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ, ನಾಲ್ಕು ಸಲ. ರೆಪ್ಪೆಯಂಚಿನ ಹಿಗ್ಗಿದ ರಕ್ತನಾಳಗಳು ಬೆಳಕನ್ನು ಹೀರಿ ಮುಚ್ಚಿಕೊಳ್ಳುತ್ತವೆ, ಉರಿಯೂತದ ಸರಬರಾಜು ತಗ್ಗುತ್ತದೆ ಎಂಬುದು ಮುಖ್ಯ ವಿವರಣೆ. ಎವೆಗೂದಲಿನ ಬುಡದಲ್ಲಿ ವಾಸಿಸುವ ಡೆಮೊಡೆಕ್ಸ್ ಹುಳುಗಳೂ ಕಡಿಮೆಯಾಗುತ್ತವೆ ಎನ್ನುತ್ತಾರೆ.

ರಕ್ತನಾಳಕ್ಕೆಂದು ಬಿಟ್ಟ ಬೆಳಕನ್ನು ಚರ್ಮದ ಬಣ್ಣವೂ ಹೀರುತ್ತದೆ. ಲ್ಯಾಮಿನೇಟ್ ಹಾಳೆಯಲ್ಲಿ ಇಲ್ಲದ ಮಾತು ಇದು. ಚರ್ಮವನ್ನು ಬಿಸಿಲಿಗೆ ಅದು ತೋರುವ ಸ್ವಭಾವದ ಮೇಲೆ ವಿಂಗಡಿಸುವ ಪದ್ಧತಿಯೊಂದನ್ನು 1975ರಲ್ಲಿ ಹಾರ್ವರ್ಡಿನ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಮಾಡಿದರು. ಮೊದಲಿಗೆ ಅದರಲ್ಲಿ ಇದ್ದದ್ದು ನಾಲ್ಕೇ ವರ್ಗ, ಬಿಳಿಯರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು; ಕಂದು, ಕಪ್ಪು ಮೈಬಣ್ಣಕ್ಕೆ ಐದು, ಆರು ಎಂದು ಆಮೇಲೆ ಸೇರಿಸಿದರು. ಒಣಕಣ್ಣಿಗೆ 2021ರಲ್ಲಿ ಒಪ್ಪಿಗೆ ಸಿಕ್ಕ ಯಂತ್ರದ ಮೇಲೆ ಬರೆದಿರುವುದು ಒಂದರಿಂದ ನಾಲ್ಕನೆಯ ವರ್ಗಕ್ಕೆ, 22 ವರ್ಷ ದಾಟಿದವರಿಗೆ ಎಂದು. ನಮ್ಮಲ್ಲಿ ಬಹಳಷ್ಟು ಜನ ನಾಲ್ಕು, ಐದರ ಗಡಿಯಲ್ಲೇ ಇರುವವರು. ಗದ್ದೆಯಲ್ಲಿ ನಿಂತವರು, ದಿನಾ ಬೈಕಿನಲ್ಲಿ ಓಡಾಡುವವರು ಏಪ್ರಿಲ್ ಹೊತ್ತಿಗೆ ಇನ್ನೊಂದು ಮೆಟ್ಟಿಲು ಆಚೆ. ಕಪ್ಪು ಚರ್ಮಕ್ಕೆ ಬಿಳಿ ಚರ್ಮದ ಲೆಕ್ಕದಲ್ಲಿ ಬೆಳಕು ಬಿಟ್ಟರೆ ಸುಟ್ಟ ಗಾಯ, ಆಮೇಲೆ ತಿಂಗಳುಗಟ್ಟಲೆ ಹೋಗದ ಕಲೆ. ತೀವ್ರತೆ ತಗ್ಗಿಸಿ, ತಕ್ಕ ಫಿಲ್ಟರ್ ಹಾಕಿ, ಕಿವಿಯ ಮುಂದೆ ಒಂದು ಹೊಡೆತ ಹೊಡೆದು ಪರೀಕ್ಷಿಸಿ ಮಾಡುವ ಅನುಭವಸ್ಥರು ಇದ್ದಾರೆ. ಮೈಬಣ್ಣವನ್ನು ಒಮ್ಮೆಯೂ ನೋಡದೆ, ಬಿಸಿಲಿನ ಮಾತೆತ್ತದೆ, ಡಾಕ್ಸಿಸೈಕ್ಲಿನ್‌ನಂಥ ಬಿಸಿಲಿಗೆ ಚರ್ಮ ಉರಿಯುವಂತೆ ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳದೆ ಪ್ಯಾಕೇಜು ಬರೆಯುವ ಕಡೆ ನಾನಂತೂ ಕೂರುವುದಿಲ್ಲ. ಕಣ್ಣಿನ ಗುರಾಣಿಯ ವಿಷಯದಲ್ಲೂ ಅಷ್ಟೇ. ಬ್ಯೂಟಿ ಪಾರ್ಲರುಗಳಲ್ಲಿ ಇದೇ ಬೆಳಕನ್ನು ರಕ್ಷಣೆಯಿಲ್ಲದೆ ಹುಬ್ಬಿನ ಬಳಿ ಹೊಡೆಸಿಕೊಂಡು ಪಾಪೆಗೆ ಪೆಟ್ಟಾದ ಪ್ರಸಂಗಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ.

ಇದರ ಸಾಕ್ಷ್ಯ? 2020ರಲ್ಲಿ ಕಾಕ್ರೇನ್ ನೋಡಿದಾಗ ಅದರ ಜರಡಿಯಲ್ಲಿ ನಿಂತದ್ದು ಮೂರೇ ಪ್ರಯೋಗ, ಒಟ್ಟು 114 ಜನ. ಉಪಯೋಗವಿದೆ ಎನ್ನಲೂ ಇಲ್ಲ ಎನ್ನಲೂ ಅದು ಸಾಲದು ಎಂದಿತು. ಆಮೇಲೆ ಇನ್ನಷ್ಟು ಪ್ರಯೋಗಗಳು ಬಂದಿವೆ, ಒಟ್ಟಾರೆ ಒಲವು ಒಳ್ಳೆಯ ಕಡೆಗೇ ಇದೆ. ರೊಸೇಶಿಯಾ ಇದ್ದವರಲ್ಲಿ, ರೆಪ್ಪೆಯಂಚು ಕೆಂಪೇರಿ ರಕ್ತನಾಳ ಎದ್ದು ಕಾಣುವವರಲ್ಲಿ ಇದನ್ನು ಯೋಚಿಸಲು ಕಾರಣವಿದೆ ಎಂದು ನನಗೂ ಅನಿಸುತ್ತದೆ.

ಯಂತ್ರದ ಬಗ್ಗೆ ಇಷ್ಟು ಅನುಮಾನ ಯಾಕೆ, ಮಾಡಿಸಿಕೊಂಡವರೇ ಚೆನ್ನಾಗಿದೆ ಎನ್ನುತ್ತಿದ್ದಾರಲ್ಲ ಎಂದು ಕೇಳಬಹುದು. ಇದಕ್ಕೆ ಉತ್ತರವಾಗಿ ಯಂತ್ರಕ್ಕೆ ಸಂಬಂಧವೇ ಇಲ್ಲದ ಒಂದು ಪ್ರಯೋಗ ಹೇಳುತ್ತೇನೆ. ಮೀನೆಣ್ಣೆಯ ಒಮೆಗಾ-3 ಮಾತ್ರೆ ಒಣಕಣ್ಣಿಗೆ ಒಳ್ಳೆಯದು ಎಂದು ಜಗತ್ತೇ ನುಂಗುತ್ತಿತ್ತು. ಅಮೆರಿಕದಲ್ಲಿ 535 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 3000 ಮಿಲಿಗ್ರಾಂ ಒಮೆಗಾ-3, ಇನ್ನೊಂದಕ್ಕೆ ನೋಡಲು ಅದೇ ಥರದ ಆಲಿವ್ ಎಣ್ಣೆಯ ಮಾತ್ರೆ ಕೊಟ್ಟು ಒಂದು ವರ್ಷ ಕಾದರು. ಡ್ರೀಮ್ ಎಂಬ ಹೆಸರಿನ ಈ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ತೊಂದರೆಯನ್ನು ನೂರರ ಅಳತೆಯಲ್ಲಿ ಗುರುತಿಸುವ ಪ್ರಶ್ನಾವಳಿಯಲ್ಲಿ ಒಮೆಗಾ ನುಂಗಿದವರ ಅಂಕ 13.9ರಷ್ಟು ಇಳಿದಿತ್ತು. ಒಳ್ಳೆಯ ಸುಧಾರಣೆ. ಆಲಿವ್ ಎಣ್ಣೆ ನುಂಗಿದವರದು 12.5 ಇಳಿದಿತ್ತು.

ಎರಡೂ ಗುಂಪಿನವರು ನೆರೆಮನೆಯವರಿಗೆ ‘ಈ ಮಾತ್ರೆ ತಗೊಳ್ಳಿ, ನಂಗೆ ಗುಣ ಕಂಡಿದೆ’ ಎಂದಿರುತ್ತಾರೆ, ಸುಳ್ಳು ಹೇಳಿರುವುದಿಲ್ಲ. ಒಣಕಣ್ಣು ಏರಿಳಿಯುವ ತೊಂದರೆ. ನಾವು ಆಸ್ಪತ್ರೆಗೆ ಹೋಗುವುದು ಅದು ತೀರಾ ಏರಿದಾಗ, ಆಮೇಲೆ ಏನು ಮಾಡಿದರೂ ಒಂದಿಷ್ಟು ಇಳಿಯುತ್ತದೆ. ಜೊತೆಗೆ ಚಿಕಿತ್ಸೆಯಲ್ಲಿರುವವರು ಡ್ರಾಪ್ಸ್ ಮರೆಯುವುದಿಲ್ಲ, ರಾತ್ರಿ ಎರಡರ ತನಕ ಮೊಬೈಲ್ ನೋಡುವುದಿಲ್ಲ. ಮಾತ್ರೆಗಾದರೆ ನಕಲಿ ಮಾತ್ರೆ ಮಾಡಬಹುದು. ಮುಖಕ್ಕೆ ಫಳಕ್ಕೆಂದು ಹೊಡೆಯುವ ಬೆಳಕಿಗೆ ನಂಬುವಂಥ ನಕಲಿ ಮಾಡುವುದು ಕಷ್ಟ. ದುಬಾರಿ ಯಂತ್ರದ ಕೆಳಗೆ ಮಲಗಿ ಎದ್ದವರಿಗೆ ತಾವು ಮಲಗಿದ್ದೆವೆಂದು ಗೊತ್ತಿರುತ್ತದೆ. ‘ಇಷ್ಟು ಜನಕ್ಕೆ ಗುಣವಾಗಿದೆ’ ಎಂದು ಕೌನ್ಸೆಲರ್ ಹೇಳಿದಾಗ ನಾನು ಕೇಳಬೇಕೆಂದುಕೊಂಡ ಪ್ರಶ್ನೆ ಅದಕ್ಕೇ ಹುಟ್ಟಿತು: ಯಂತ್ರವಿಲ್ಲದೆ ಅಷ್ಟೇ ಶಿಸ್ತಿನಲ್ಲಿ ಇದ್ದವರಿಗೆ ಎಷ್ಟು ಗುಣವಾಯಿತು?

ಹೊಸದೆಲ್ಲ ಉಳಿಯುತ್ತದೆ ಎಂದೂ ಅಲ್ಲ. ಮೂಗಿನೊಳಗೆ ಸಣ್ಣ ವಿದ್ಯುತ್ ಕಚಗುಳಿ ಇಟ್ಟು ಕಣ್ಣೀರು ಬರಿಸುವ ಟ್ರೂಟಿಯರ್ ಎಂಬ ಸಾಧನ 2017ರಲ್ಲಿ ದೊಡ್ಡ ಸದ್ದಿನೊಂದಿಗೆ ಬಂತು. 2020ರ ಹೊತ್ತಿಗೆ ಮಾರುಕಟ್ಟೆಯಿಂದ ಎದ್ದುಹೋಯಿತು. ಕೊಂಡವರ ಕೈಯಲ್ಲಿ ಡಬ್ಬಿ ಉಳಿಯಿತು. ಇನ್ನೊಂದು ತುದಿಯಲ್ಲಿ, ಔಷಧದ ರಿಯಾಕ್ಷನ್ನಿನಿಂದ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಬಂದು ಕಣ್ಣಿನ ಮೇಲ್ಮೈಯೇ ಸುಟ್ಟಂತಾದವರಿಗೆ ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆಯಲ್ಲಿ ತುಟಿಯೊಳಗಿನ ಎಂಜಲು ಗ್ರಂಥಿಗಳನ್ನೇ ತೆಗೆದು ಕಣ್ಣಿನೊಳಗೆ ನೆಡುತ್ತಾರೆ. ಗುಡ್ಡೆಯ ಮೇಲೆ ನೀರಿನ ಕೊಳದಂತೆ ಕೂರುವ ಸ್ಕ್ಲೀರಲ್ ಲೆನ್ಸ್‌ಗಳು ಅಲ್ಲೂ ಚೆನ್ನೈಯಲ್ಲೂ ಸಿಗುತ್ತವೆ. ಅಂಥ ಕಷ್ಟ ನೋಡಿದವರಿಗೆ ನನ್ನ ಒಣಕಣ್ಣನ್ನು ಕಷ್ಟವೆನ್ನಲು ನಾಚಿಕೆಯಾದೀತು.

ಹಾಗಾದರೆ ಯಾರು ಮಾಡಿಸಬೇಕು? ನಾನು ಡಾಕ್ಟರಲ್ಲ, ಓದಿದವನು ಮತ್ತು ಉರಿದವನು ಅಷ್ಟೆ. ರೆಪ್ಪೆ ಒತ್ತಿ ನೋಡಿ ಗ್ರಂಥಿ ಕಟ್ಟಿದೆ ಎಂದು ಖಾತರಿಯಾಗಿರಬೇಕು. ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ರೆಪ್ಪೆಯೊಳಗಿನ ಚಿತ್ರ ತೆಗೆದಾಗ ಗ್ರಂಥಿಗಳು ಇನ್ನೂ ಉಳಿದಿವೆ ಎಂದು ಕಾಣಬೇಕು. ಪೂರ್ತಿ ಸತ್ತುಹೋದ ಗ್ರಂಥಿಯಿಂದ ಕರಗಿಸಿ ತೆಗೆಯಲು ಏನೂ ಇರುವುದಿಲ್ಲ, ಆ ಚಿತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಮನೆಯ ಶಾಖ, ರೆಪ್ಪೆಯ ಶುಚಿ, ಸಂರಕ್ಷಕವಿಲ್ಲದ ಡ್ರಾಪ್ಸು ಎರಡು ತಿಂಗಳು ಪ್ರಾಮಾಣಿಕವಾಗಿ ನಡೆದಿರಬೇಕು. ಇಷ್ಟಾಗಿಯೂ ಓದಲು, ಗಾಡಿ ಓಡಿಸಲು ತೊಡಕಾಗಿದ್ದರೆ, ಹಣ ಸಾಲ ಮಾಡದೆ ಹೊಂದುವುದಾದರೆ, ಮಾಡಿಸಿ ನೋಡಬಹುದು. ವಿಮೆಯವರು ಸಾಮಾನ್ಯವಾಗಿ ಕೊಡುವುದಿಲ್ಲ, ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಲೇಸು. ಕಾಯದೆ ಮುಂದಾಗುವುದಕ್ಕೆ ಕಾರಣವಿರುವ ಒಂದು ಸಂದರ್ಭ ಕ್ಯಾಟರ‍್ಯಾಕ್ಟ್ ಆಪರೇಷನ್ನಿನ ಮುಂಚೆ. ಕಣ್ಣೀರಿನ ಪೊರೆ ಬೇಗ ಹರಿದುಹೋಗುತ್ತಿದ್ದರೆ ಲೆನ್ಸಿನ ಪವರ್ ಲೆಕ್ಕವೇ ತಪ್ಪಬಹುದು. ಆಗಲೂ ಯಂತ್ರವೇ ಬೇಕೆಂದಿಲ್ಲ, ಒಣಗು ಹತೋಟಿಗೆ ಬಂದಿರಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೆರಾಯ್ಡ್ ಡ್ರಾಪ್ಸಿನಿಂದ ಉರಿ ಎರಡೇ ದಿನಕ್ಕೆ ಇಳಿಯುತ್ತದೆ, ಅದನ್ನೇ ತಿಂಗಳುಗಟ್ಟಲೆ ಹಾಕಿ ಗ್ಲಾಕೋಮಾ ತಂದುಕೊಂಡವರೂ ಇದ್ದಾರೆ. ತೀವ್ರ ನೋವು, ಬೆಳಕು ನೋಡಲಾಗದ ಸ್ಥಿತಿ, ಮಸುಕಾದ ದೃಷ್ಟಿ ಇದ್ದರೆ ಒಣಕಣ್ಣೆಂದು ಕೂರದೆ ಅದೇ ದಿನ ಡಾಕ್ಟರ ಬಳಿ ಹೋಗಬೇಕು.

ನಾನು ಬೇರೆ ಒಬ್ಬ ಡಾಕ್ಟರನ್ನು ಕಂಡೆ. ಅವರು ಚಿತ್ರ ತೆಗೆದು ತೋರಿಸಿದರು: ಕೆಳರೆಪ್ಪೆಯ ಗ್ರಂಥಿಗಳಲ್ಲಿ ಮೂರನೇ ಒಂದು ಪಾಲು ಹೋಗಿವೆ, ಉಳಿದವು ಡೊಂಕುಡೊಂಕಾಗಿ ನಿಂತಿವೆ. ನನ್ನ ಮುಂಗೈ ನೋಡಿ, ‘ನೀವು ಐದು ಅಂತ ಇಟ್ಕೊಳ್ಳಿ, ಐಪಿಎಲ್ ಬೇಡ. ಹತ್ತು ವಾರ ಶಾಖ ಕೊಡಿ, ಆಮೇಲೆ ಲಿಪಿಫ್ಲೋ ಮಾತಾಡೋಣ’ ಎಂದರು. ಮಾಸ್ಕು ಕೊಂಡೆ. ಬೆಳಿಗ್ಗೆ ಕಾಫಿಗೆ ಮೊದಲು, ರಾತ್ರಿ ವಾರ್ತೆ ಕೇಳುತ್ತ. ನಡುವೆ ಊರಿಗೆ ಹೋದಾಗ ನಾಲ್ಕು ದಿನ ತಪ್ಪಿತು. ಹತ್ತು ವಾರಕ್ಕೆ ಹೋದಾಗ ಅವರು ಕೆಳರೆಪ್ಪೆಯ ನಡುಭಾಗದಲ್ಲಿ ಐದು ಬಾಯಿಗಳನ್ನು ಒತ್ತಿದರು. ಮೂರರಲ್ಲಿ ತಿಳಿಯಾದ ಎಣ್ಣೆ ಬಂತು. ಸೆಕೆಂಡಿನ ಲೆಕ್ಕ ನಾಲ್ಕರಿಂದ ಏಳಕ್ಕೆ ಏರಿತ್ತು. ಮೇಲಿನ ರೆಪ್ಪೆ ತಿರುಗಿಸಿ ಒತ್ತಿದರೆ ಅಲ್ಲಿಂದ ಇನ್ನೂ ಆ ಬಿಳಿಯ ಎಳೆಯೇ. ‘ಇದೊಂದು ಬಾಕಿ ಇದೆ’ ಎಂದು ಚೀಟಿಯಲ್ಲಿ ಮುಂದಿನ ತಾರೀಕು ಬರೆದರು, ದೀಪಾವಳಿ ಕಳೆದ ಮೇಲಿನದು.